ಎರಡನೇ ಮಹಡಿಗೆ ನನ್ನನ್ನು ಹೊತ್ತವರು

ಎಡಗಾಲಿನ ಚಪ್ಪಲಿ ಕಳಚಿಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲ್ ಮುಂಬಯಿಯ ಸಿಎಸ್‌ಟಿಗೆ ಬಂದು ನಿಂತಿತ್ತು. ಇಪ್ಪತ್ತೆರಡು ವರ್ಷಗಳಿಂದ ಅದೇ ಗಾಡಿ, ಅದೇ ಹೆಂಗಸರ ಡಬ್ಬಿ. ಎಲ್ಲರೊಂದಿಗೆ ತಳ್ಳಿಸಿಕೊಂಡು ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಅರ್ಧ ದಾರಿ ನಡೆದಿರಬೇಕು, ಹಿಂದಿನಿಂದ ಒಬ್ಬಳು ಕೂಗಿದಳು, "ಅಹೋ ತಾಯಿ, ಚಪ್ಪಲ್!" ಕೆಳಗೆ ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು. ಹೆಬ್ಬೆರಳು ಎಲ್ಲೋ ಎಡವಿ ರಕ್ತ ಬರುತ್ತಿತ್ತು.

ನೋವಿರಲಿಲ್ಲ.

ಆದರೂ ಕಚೇರಿಗೆ ಹೋದೆ. ಸ್ಟೇಷನ್ ಹೊರಗೆ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು, ಬೆರಳಿಗೆ ಕರ್ಚೀಫು ಕಟ್ಟಿ, ಮಸ್ಟರಿಗೆ ಸಹಿ ಹಾಕಿದೆ. ಒಂದು ವಿಮಾ ಕಂಪನಿಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲಿ ನಾನು ಹೆಡ್ ಕ್ಲಾರ್ಕ್. ತವರು ಧಾರವಾಡದ ಹತ್ತಿರದ ಕುಂದಗೋಳ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಗಂಡ ಬಸವರಾಜ ಅಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಒಬ್ಬಳೇ ಮಗಳು ಮೇಘನಾ, ಆಗ ಒಂಬತ್ತನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಿದ್ದಳು. ನನ್ನ ಜಗತ್ತು ಇಷ್ಟೇ.

ಹನ್ನೊಂದರ ಹೊತ್ತಿಗೆ ಸೊಂಟದ ಸುತ್ತ ಯಾರೋ ಒದ್ದೆ ಹಗ್ಗ ಸುತ್ತಿ ಬಿಗಿದಂತಾಯಿತು. ಊಟದ ಹೊತ್ತಿಗೆ ಎರಡೂ ಪಾದ ಜುಮ್ಮೆನ್ನುತ್ತಿದ್ದವು. ಮೂರು ಗಂಟೆಗೆ ಎದ್ದು ನಿಲ್ಲಲು ಹೋದೆ. ಮೊಣಕಾಲು ಮಡಚಿ ಫೈಲಿನ ಕಪಾಟಿಗೆ ತಲೆ ಬಡಿಯಿತು. ಆಮೇಲೆ ನಾನು ನನ್ನ ಕಾಲ ಮೇಲೆ ನಿಂತದ್ದು ಎಂಟು ತಿಂಗಳ ನಂತರ. ಅದೂ ಒಂದೂವರೆ ಕಾಲ ಮೇಲೆ.

ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ಕ್ಯಾಥೆಟರ್ ಹಾಕಿದರು. ಮೂತ್ರ ತುಂಬಿದ್ದೂ ನನಗೆ ತಿಳಿದಿರಲಿಲ್ಲ. ಮೂರನೇ ದಿನ ನ್ಯೂರಾಲಜಿಸ್ಟ್ ಬಂದು ಹಾಸಿಗೆಯ ಪಕ್ಕ ಕೂತರು. ಡಾಕ್ಟರು ನಿಂತು ಮಾತಾಡದೆ ಕೂತರೆ ಸುದ್ದಿ ಒಳ್ಳೆಯದಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ.

"ಟ್ರಾನ್ಸ್‌ವರ್ಸ್ ಮೈಲೈಟಿಸ್," ಅಂದರು. ಬೆನ್ನುಹುರಿಯಲ್ಲಿ ಒಂದು ಕಡೆ ಉರಿಯೂತ. ಯಾಕೆ ಬರುತ್ತದೆಂದು ಖಚಿತವಾಗಿ ಹೇಳಲಾಗುವುದಿಲ್ಲ. ಯಾವುದೋ ವೈರಲ್ ಜ್ವರದ ಬೆನ್ನಿಗೆ ಬಂದಿರಬಹುದು. ಸ್ಟೆರಾಯ್ಡ್ ಐದು ದಿನ. ಆಮೇಲೆ ಫಿಸಿಯೋಥೆರಪಿ.

ಬಸವರಾಜ ಕೇಳಿದ, "ನಡೀತಾಳೇನ್ರಿ ಡಾಕ್ಟ್ರ?" ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಿದ್ದ. ಡಾಕ್ಟರಿಗೆ ಅರ್ಥವಾಯಿತು. ಆ ಪ್ರಶ್ನೆಗೆ ಭಾಷೆ ಬೇಕಿರಲಿಲ್ಲ.

"ಕೆಲವರು ಪೂರ್ತಿ ಸುಧಾರಿಸುತ್ತಾರೆ, ಕೆಲವರು ಅರ್ಧ, ಕೆಲವರು ಇಲ್ಲ. ಮೊದಲ ಆರು ತಿಂಗಳು ಬಹಳ ಮುಖ್ಯ. ಆ ಅವಧಿಯಲ್ಲಿ ಫಿಸಿಯೋ ಒಂದು ದಿನವೂ ತಪ್ಪಿಸಬೇಡಿ."

ಒಂದು ದಿನವೂ ತಪ್ಪಿಸಬೇಡಿ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮನೆಗೆ ಬಂದೆ. ನೆಲಮಹಡಿಯ ಮನೆ, ಅದೊಂದು ಪುಣ್ಯ. ನಡುಮನೆಯಲ್ಲಿ ಮಂಚ ಹಾಕಿದರು. ಯೂರಿನ್ ಬ್ಯಾಗನ್ನು ಮಂಚದ ಪಟ್ಟಿಗೆ ಸಿಕ್ಕಿಸಿದರು. ಹಾಸಿಗೆಹುಣ್ಣು ಆಗದಿರಲೆಂದು ಎರಡು ಗಂಟೆಗೊಮ್ಮೆ ನನ್ನನ್ನು ಮಗ್ಗುಲು ಮಾಡಬೇಕಿತ್ತು. ಮೇಘನಾ ಶಾಲೆಗೆ ಹೋಗುವ ಮುಂಚೆ ನನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ ಮಡಚಿ ಬಿಡಿಸುತ್ತಿದ್ದಳು, ಬಾಯಲ್ಲಿ ಮರಾಠಿಯಲ್ಲಿ ಎಣಿಸುತ್ತ. ನನ್ನ ಕಾಲು ಅವಳ ಕೈಯಲ್ಲಿರುವುದು ಕಾಣುತ್ತಿತ್ತು. ಅದು ನನ್ನದೆಂದು ಅನಿಸುತ್ತಿರಲಿಲ್ಲ. ನನ್ನ ನಲವತ್ನಾಲ್ಕನೇ ವಯಸ್ಸಿಗೆ ಮಗಳು ನನಗೆ ಡೈಪರ್ ಬದಲಾಯಿಸಿದಳು. ಅವಳು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ನಾನು ಪ್ರತಿ ಸಲವೂ ಮುಖ ಆಚೆ ತಿರುಗಿಸಿದೆ.

ಆದರೆ ನಿಲ್ಲುವುದನ್ನು ಮನೆಯಲ್ಲಿ ಕಲಿಸಲು ಬರುವುದಿಲ್ಲ. ಅದಕ್ಕೆ ಟಿಲ್ಟ್ ಟೇಬಲ್ ಬೇಕು, ಹಿಡಿದು ನಡೆಯಲು ಪ್ಯಾರಲಲ್ ಬಾರ್ ಬೇಕು. ಅವು ಇದ್ದದ್ದು ಕಲ್ಯಾಣ ಪಶ್ಚಿಮದ ಒಂದು ಫಿಸಿಯೋ ಸೆಂಟರಿನಲ್ಲಿ. ವಾರಕ್ಕೆ ಮೂರು ದಿನ ಬರಬೇಕೆಂದು ಅಲ್ಲಿಯ ಮೇಡಂ ಹೇಳಿದ್ದರು.

ರಿಕ್ಷಾದವರು ಗಾಲಿಕುರ್ಚಿ ಕಂಡ ಕೂಡಲೇ ಮೀಟರ್ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸುತ್ತಿದ್ದರು. ಒಬ್ಬ ಒಪ್ಪಿದ. ನಡು ನಿಲ್ಲದ ನಾನು ಪ್ರತಿ ಗುಂಡಿಗೂ ಬಸವರಾಜನ ಮೇಲೆ ಬೀಳುತ್ತಿದ್ದೆ. ಪತ್ರಿ ಪೂಲ್ ಸೇತುವೆಯ ಜಾಮಿನಲ್ಲಿ ಕ್ಯಾಥೆಟರ್ ಎಳೆದು ರಕ್ತ ಬಂತು. ಖಾಸಗಿ ಆಂಬುಲೆನ್ಸ್ ವಾರಕ್ಕೊಂದು ಸಲ ಮಾತ್ರ ಕೈಗೆಟುಕುತ್ತಿತ್ತು. ಆ್ಯಪ್ ಒತ್ತಿದರೆ ಟ್ಯಾಕ್ಸಿ ಬರುವ ಕಾಲ ಇನ್ನೂ ಬಂದಿರಲಿಲ್ಲ.

ಆಗ ಆ ವ್ಯಾನಿನ ಸುದ್ದಿ ಸಿಕ್ಕಿತು.

ಒಂದು ಮರಾಠಿ ಪೇಪರಿನಲ್ಲಿ ಹಾಕಿದ್ದರು. ಮುದುಕರಿಗೆ, ಅಂಗವಿಕಲರಿಗೆ ಆಸ್ಪತ್ರೆಗೆ ಹೋಗಿಬರಲು ಸರ್ಕಾರಿ ಅನುದಾನದಲ್ಲಿ ಕೊಂಡ ವ್ಯಾನು. ಹಿಂಬದಿಗೆ ಹೈಡ್ರಾಲಿಕ್ ಲಿಫ್ಟ್: ಗಾಲಿಕುರ್ಚಿಯಲ್ಲಿ ಕೂತವರನ್ನು ಕೂತಂತೆಯೇ ಮೇಲೆತ್ತಿ ಒಳಗೆ ಬಿಡುತ್ತದೆ. ರಿಬ್ಬನ್ ಕತ್ತರಿಸುವ ಫೋಟೋ ಇತ್ತು. ಫೋಟೋದಲ್ಲಿ ಅಂಗವಿಕಲರೊಬ್ಬರೂ ಇರಲಿಲ್ಲ. ಅದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ವ್ಯಾನು ನಡೆಸುತ್ತಿದ್ದ ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಆಸೆ ಇಲ್ಲವೆಂದಲ್ಲ.

ಫೋನ್ ಮಾಡಿದೆ. ಅರ್ಜಿ ಕೊಡಬೇಕು ಅಂದರು. ಅರ್ಜಿದಾರರು ಖುದ್ದಾಗಿ ಬಂದು ಸಾಹೇಬರ ಮುಂದೆ ಹಾಜರಾಗಬೇಕು. ಸಾಹೇಬರ ಕೋಣೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ.

"ನಡೆಯಲು ಆಗುವುದಿಲ್ಲ ಎಂದೇ ತಾನೇ ವ್ಯಾನು ಕೇಳುತ್ತಿರುವುದು?" ಅಂದೆ.

"ನಿಯಮ ಹಾಗಿದೆ, ಮೇಡಂ," ಅಂದಿತು ಆ ಧ್ವನಿ.

ಬಸವರಾಜ ಎರಡು ದಿನ ಸುತ್ತಿ, ಕೈಕಾಲು ಹಿಡಿದು, ನನ್ನ ಫೋಟೋ ಮತ್ತು ಡಾಕ್ಟರ ಸರ್ಟಿಫಿಕೇಟ್ ತೋರಿಸಿ ಅರ್ಜಿ ಮಂಜೂರು ಮಾಡಿಸಿಕೊಂಡು ಬಂದ. ಆಮೇಲೆ ಪ್ರತಿ ವಾರ ಫೋನ್. ಗಾಡಿ ಬಂದ್ ಇದೆ. ಡ್ರೈವರ್ ರಜೆಯಲ್ಲಿದ್ದಾನೆ. ಗಾಡಿಯ ಲಿಫ್ಟ್ ರಿಪೇರಿಗೆ ಹೋಗಿದೆ. ಒಂದು ಸಲ ಸಾಹೇಬರೇ ಫೋನಿಗೆ ಬಂದರು. "ನೋಡಿ ಮೇಡಂ, ನಿಮ್ಮಂಥವರು ಬಹಳ ಜನ ಇದ್ದಾರೆ," ಅಂದರು. ನಿಮ್ಮಂಥವರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅವಮಾನಿಸುವ ಉದ್ದೇಶವೂ ಇರಲಿಲ್ಲ. ಒಂದು ಆಕಳಿಕೆ ಇತ್ತು.

ಎರಡನೇ ತಿಂಗಳ ಕೊನೆಗೆ ಒಂದು ಶುಕ್ರವಾರ ಬರುತ್ತದೆ ಎಂದು ಖಾತ್ರಿ ಕೊಟ್ಟರು. ಬಸವರಾಜ ರಜೆ ಹಾಕಿದ. ಎಂಟು ಗಂಟೆಗೆ ನನ್ನನ್ನು ತಯಾರು ಮಾಡಿ ಗಾಲಿಕುರ್ಚಿಯಲ್ಲಿ ಕೂಡಿಸಿ ಸೊಸೈಟಿಯ ಗೇಟಿಗೆ ತಂದ. ಒಂಬತ್ತಾಯಿತು, ಹನ್ನೊಂದಾಯಿತು. ಬಿಸಿಲು ನೆತ್ತಿಗೆ ಬಂತು. ವಾಚ್‌ಮನ್ ತನ್ನ ಕೊಡೆ ಹಿಡಿದ. ಫೋನಿಗೆ ಉತ್ತರವಿಲ್ಲ. ಒಂದು ಗಂಟೆಗೆ ಬಸವರಾಜ ಕುರ್ಚಿಯನ್ನು ಮನೆ ಕಡೆ ತಿರುಗಿಸಿದ.

ಸಂಜೆ ಮೇಘನಾ ಕ್ಲಾಸಿನಿಂದ ಬಂದಳು. ಬ್ಯಾಗನ್ನು ಇಳಿಸಲಿಲ್ಲ. ಬಾಗಿಲಲ್ಲೇ ನಿಂತಳು.

"ಮಮ್ಮಿ, ತೀ ಗಾಡಿ ಮೀ ಪಾಹಿಲೀ."

ಆ ಗಾಡಿಯನ್ನು ಅವಳು ನೋಡಿದ್ದಳು. ಒಂದು ಮದುವೆ ಹಾಲ್ ಮುಂದೆ. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ. ಪೈಠಣಿ ಸೀರೆಯ ಹೆಂಗಸರು ಇಬ್ಬಿಬ್ಬರಾಗಿ ಆ ಹೈಡ್ರಾಲಿಕ್ ಲಿಫ್ಟಿನ ಮೇಲೆ ನಿಂತು ಕೆಳಗಿಳಿಯುತ್ತ, ಮತ್ತೆ ಮೇಲೇರುತ್ತ, ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ.

ಲಿಫ್ಟ್ ಚೆನ್ನಾಗಿತ್ತು.

ಹೀಗೆ ಆರು ತಿಂಗಳು ಕಳೆಯಿತು. ಎಪ್ಪತ್ತೈದು ಸಲವಾದರೂ ಹೋಗಬೇಕಿದ್ದ ಕಡೆ ನಾನು ಹೋದದ್ದು ಇಪ್ಪತ್ತು ಸಲ. ಬಲಗಾಲು ಹೇಗೋ ತಾನಾಗಿ ಎಚ್ಚರಗೊಂಡಿತು. ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಕ್ಯಾಥೆಟರ್ ತೆಗೆದರು. ನಡು ನಿಂತಿತು. ಎಡಗಾಲು ಮಾತ್ರ ತೊಡೆಯವರೆಗೆ ಬಂದು ನಿಂತುಬಿಟ್ಟಿತು. ಮೊಣಕಾಲಿನ ಕೆಳಗೆ ಅದು ಒಂದು ಹೊರೆ. ಪಾದ ಜೋತುಬೀಳುತ್ತಿತ್ತು. ಹಿಮ್ಮಡಿಯ ನರ ಮೊಂಡಾಗಿ ಬಿಗಿದುಕೊಂಡಿತ್ತು.

ನ್ಯೂರಾಲಜಿಸ್ಟ್ ಸುತ್ತಿಗೆಯಲ್ಲಿ ತಟ್ಟಿ ನೋಡಿ ಬರೆದುಕೊಂಡರು. ನಾನು ಕೇಳಿದೆ, "ಸರ್, ಪ್ರತಿ ವಾರ ಮೂರು ಸಲ ಹೋಗಿದ್ದರೆ ಈ ಕಾಲು ಬರುತ್ತಿತ್ತೇ?"

"ಈಗ ಅದನ್ನು ಕೇಳಿ ಪ್ರಯೋಜನವಿಲ್ಲ."

"ನನಗೆ ಇದೆ."

ಅವರು ಪೆನ್ನು ಮುಚ್ಚಿದರು. "ಖಂಡಿತ ಅಂತ ಹೇಳಲಾರೆ. ಇದಕ್ಕಿಂತ ಉತ್ತಮವಾಗಿ ಇರುವ ಸಾಧ್ಯತೆ ಇತ್ತು."

ಅಷ್ಟು ಸಾಕಾಯಿತು. ಆ ದಿನದಿಂದ ನನ್ನ ರೋಗಕ್ಕೆ ಒಂದು ಮುಖ ಸಿಕ್ಕಿತು. ಅಲ್ಲಿಯವರೆಗೆ ಅದು ಯಾರದೂ ತಪ್ಪಲ್ಲದ ಉರಿಯೂತವಾಗಿತ್ತು. ದೇವರನ್ನು ಬಯ್ಯಲೂ ಬೇಸರ. ಈಗ ಎರಡನೇ ಮಹಡಿಯಲ್ಲಿ ಆಕಳಿಸುತ್ತ ಕೂತ ಒಬ್ಬ ಮನುಷ್ಯನಿದ್ದ. ನನಗೆ ನ್ಯಾಯ ಬೇಕಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸುಳ್ಳಾಗುತ್ತದೆ. ಆ ಮನುಷ್ಯ ನಾಲ್ಕು ಜನರ ಮುಂದೆ ಬೆವರುವುದನ್ನು ನಾನು ನೋಡಬೇಕಿತ್ತು.

ಮಾಹಿತಿ ಹಕ್ಕಿನ ಕಾಯ್ದೆ ಬಂದು ಆಗ ನಾಲ್ಕೈದು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಫೈಲು ನೋಡಿದವಳಿಗೆ ಕಚೇರಿಗಳು ಎಲ್ಲಿ ಸುಳ್ಳು ಬಚ್ಚಿಡುತ್ತವೆ ಎಂದು ಗೊತ್ತಿರುತ್ತದೆ. ಯಾಕೆ, ಹೇಗೆ ಎಂದು ನಾನು ಕೇಳಲಿಲ್ಲ. ವ್ಯಾನಿನ ಲಾಗ್‌ಬುಕ್ಕಿನ ನಕಲು ಕೊಡಿ ಎಂದೆ. ಪ್ರತಿ ಪ್ರಯಾಣಕ್ಕೆ ಅನುಮತಿ ಕೊಟ್ಟವರ ಹೆಸರು ಕೊಡಿ ಎಂದೆ. ಅನುದಾನದ ಷರತ್ತುಗಳ ಪ್ರತಿ ಕೊಡಿ ಎಂದೆ. ಮರಾಠಿಯಲ್ಲಿ, ಒಂದು ಅರ್ಜಿಗೆ ಒಂದೇ ವಿಷಯ. ಒಟ್ಟು ಒಂಬತ್ತು ಅರ್ಜಿ. ಒಂದಕ್ಕೂ ಉತ್ತರ ಬರಲಿಲ್ಲ. ಒಂಬತ್ತು ಮೇಲ್ಮನವಿ ಹಾಕಿದೆ. ಮೇಲ್ಮನವಿ ಕೇಳಬೇಕಾದ ಹಿರಿಯ ಅಧಿಕಾರಿಯ ಕೋಣೆಯೂ ಅದೇ ಕಚೇರಿಯ ಎರಡನೇ ಮಹಡಿಯಲ್ಲೇ ಇತ್ತು.

ಪ್ರತಿನಿಧಿಯನ್ನು ಕಳಿಸಬಹುದು ಎಂದು ನೋಟಿಸಿನಲ್ಲಿ ಬರೆದಿದ್ದರು.

ನಾನೇ ಬರುತ್ತೇನೆ ಎಂದು ಉತ್ತರ ಬರೆದೆ.

ಮೊದಲ ವಿಚಾರಣೆಯ ದಿನ ಪಕ್ಕದ ಮನೆಯವರ ಓಮ್ನಿಯಲ್ಲಿ ಹೋದೆವು. ಗಾಲಿಕುರ್ಚಿಯನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, "ನಾನು ಬಂದಿದ್ದೇನೆ, ಮೇಲೆ ಕರೆದುಕೊಂಡು ಹೋಗಿ," ಅಂದೆ. ಗದ್ದಲವಾಯಿತು. ಕೊನೆಗೆ ನಾಲ್ಕು ಪ್ಯೂನ್‌ಗಳು ಬಂದು ಕುರ್ಚಿಯ ನಾಲ್ಕು ಮೂಲೆ ಹಿಡಿದರು. ಮೂವತ್ತೆಂಟು ಮೆಟ್ಟಿಲು. ತಿರುವಿನಲ್ಲಿ ಕುರ್ಚಿ ವಾಲುತ್ತಿತ್ತು. ಹೋಗಿಬರುವವರು ಗೋಡೆಗೆ ಒತ್ತಿಕೊಂಡು ನಿಂತು ನೋಡುತ್ತಿದ್ದರು. ಹಿಂದೆಂದೂ ಅಷ್ಟು ಜನ ನನ್ನನ್ನು ನೋಡಿರಲಿಲ್ಲ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ರಾಣಿಯ ಹಾಗೆ ಕೂತಿದ್ದೆ.

ಸಾಹೇಬ ಬಾಗಿಲಲ್ಲಿ ನಿಂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಸಫಾರಿ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಹೆಜ್ಜೆಯ ಸುಖವನ್ನು ವಾರವಿಡೀ ಮೆಲುಕು ಹಾಕಿದೆ.

ವಿಚಾರಣೆ ಮುಂದೂಡಿದರು. ಒಳ್ಳೆಯದೇ ಆಯಿತು ಅನ್ನಿಸಿತು. ಒಂಬತ್ತು ಮನವಿ ಅಂದರೆ ಒಂಬತ್ತು ವಿಚಾರಣೆ, ಮುಂದೂಡಿದರೆ ಇನ್ನೂ ಹೆಚ್ಚು. ಪ್ರತಿ ಸಲ ಮೂವತ್ತೆಂಟು ಮೆಟ್ಟಿಲು. ಹೋಗುವ ದಿನ ಹೊಟ್ಟೆ ತುಂಬ ತಿಂದು ಹೋಗುತ್ತಿದ್ದೆ, ಭಾರ ಗೊತ್ತಾಗಲಿ ಎಂದು.

ಒಂದು ಬೆಳಿಗ್ಗೆ ವಿಚಾರಣೆಗೆ ಹೊರಟು ನಿಂತಾಗ ಬಸವರಾಜ ಕುರ್ಚಿಯ ಬ್ರೇಕ್ ತೆಗೆಯಲಿಲ್ಲ.

"ಸುಮಂಗಲಾ, ಒಂದ ಮಾತ ಕೇಳ್ತೀನಿ. ನಿನ್ನೆ ಫಿಸಿಯೋಕ್ಕ ಹೋಗಲಿಲ್ಲ."

"ಗಾಡಿ ಸಿಗಲಿಲ್ಲ."

"ಇವತ್ತ ಸಿಕ್ಕೈತಲ್ಲಾ? ಕಸರತ್ತಿಗೆ ಹೋಗಾಕ ಗಾಡಿ ಸಿಗೂದಿಲ್ಲ, ಸೇಡ ತೀರ್ಸ್ಕೊಳ್ಳಾಕ ಮಾತ್ರ ಹೆಂಗ ಸಿಗತೈತಿ?"

ಅವನ ಮೇಲೂ ಸಿಟ್ಟು ಬಂತು. ಕಾಲಿದ್ದವರಿಗೆಲ್ಲ ಸಮಾಧಾನ ಸುಲಭ. ಹಾಗೆಂದೇ ಅಂದುಬಿಟ್ಟೆ. ಅವನು ಬ್ರೇಕ್ ತೆಗೆದು ಓಮ್ನಿಯ ಕಡೆ ತಳ್ಳಿದ.

ಅವತ್ತೇ ಶಿಂದೆ ಮಾಮಾ ಕುಸಿದದ್ದು.

ನಾಲ್ವರು ಪ್ಯೂನ್‌ಗಳಲ್ಲಿ ಅವರೇ ಹಿರಿಯರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ಹಿಂಬದಿಯ ಎಡಮೂಲೆ ಯಾವಾಗಲೂ ಅವರದೇ. ಒಂದನೇ ಮಹಡಿಯ ತಿರುವಿನಲ್ಲಿ ನನ್ನ ಕಿವಿಯ ಹತ್ತಿರ ಅವರ ಉಸಿರು ಸೀಟಿಯಂತೆ ಕೇಳಿಸಿತು. ಮೆಲ್ಲಗೆ ಕುರ್ಚಿ ಇಳಿಸಿ, ಮೆಟ್ಟಿಲ ಮೇಲೆ ಕೂತು, ಎದೆ ಹಿಡಿದುಕೊಂಡರು. ಮುಖ ಬೂದಿಯಾಗಿತ್ತು. ಯಾರೋ ನೀರು ತಂದರು. ಸುಧಾರಿಸಿಕೊಂಡು ಅವರು ಮೊದಲು ಹೇಳಿದ ಮಾತು, "ತಾಯಿ, ನಿಮಗೆ ಪೆಟ್ಟಾಗಲಿಲ್ಲವಲ್ಲ?"

ಸಾಹೇಬ ಮೇಲಿನಿಂದ ಬಗ್ಗಿ ನೋಡಿ ಒಳಗೆ ಹೋದ. ಅವನ ಇಸ್ತ್ರಿಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ.

ಆ ತಿರುವಿನಲ್ಲಿ, ಕುರ್ಚಿಯಲ್ಲಿ ಕೂತೇ ನನಗೆ ಹೊಳೆಯಿತು: ಇಷ್ಟು ದಿನ ನಾನು ಭಾರ ಹೊರಿಸಿದ್ದು ಯಾರ ಮೇಲೆ? ನನ್ನ ಸೇಡನ್ನು ಶಿಂದೆ ಮಾಮಾ ಹೊತ್ತಿದ್ದರು.

ಎರಡು ವಾರದ ನಂತರ ಒಂದು ಮನವಿಗೆ ಲಿಖಿತ ಉತ್ತರ ಬಂತು. ಲಾಗ್‌ಬುಕ್ಕಿನ ನಕಲೂ ಜೊತೆಗಿತ್ತು. ವ್ಯಾನಿನ ದುರುಪಯೋಗ ಆಗಿರುವುದು ನಿಜ, ಅದಕ್ಕೆ ಡ್ರೈವರ್ ಹೊಣೆ, ಅವನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಬರೆದಿತ್ತು. ಕೆಳಗೆ ಸಾಹೇಬನ ಸಹಿ.

ಮೂರನೇ ದಿನ ಆ ಡ್ರೈವರ್ ನಮ್ಮ ಮನೆ ಬಾಗಿಲಿಗೆ ಬಂದ. ನಲವತ್ತರ ಗಂಡಸು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಮರಾಠಿಯಲ್ಲಿ ಶುರುಮಾಡಿದವನು ಬಾಗಿಲ ಮೇಲಿನ ಬಸವಣ್ಣನ ಕ್ಯಾಲೆಂಡರ್ ನೋಡಿ ಕನ್ನಡಕ್ಕೆ ಹೊರಳಿದ. ಹೆಸರು ಮಲ್ಲಪ್ಪ, ಅಕ್ಕಲಕೋಟ ಕಡೆಯವ.

"ಅಕ್ಕಾರ, ನಾ ನಿಮಗೇನ ಮಾಡಿದ್ದೆ?" ಅಂದ. "ನಿಮ್ಮ ಅರ್ಜಿಯಿಂದ ನನ್ನ ಮನ್ಯಾಗ ಒಲಿ ಆರೇತಿ."

"ಮದುವಿ ಹಾಲಿಗೆ ಗಾಡಿ ಒಯ್ದದ್ದು ನೀವ ಹೌದಲ್ರಿ?" ಅಂದೆ. ನನಗೂ ಕುದಿಯುತ್ತಿತ್ತು. "ನಾ ಗೇಟಿನ್ಯಾಗ ಐದ ತಾಸು ಬಿಸಲಾಗ ಕುಂತಿದ್ದೆ."

ಅವನು ತಲೆ ತಗ್ಗಿಸಿದ. "ಹೌದ್ರಿ. ನಾನ ಒಯ್ದೆ. ನಿಮ್ಮ ಹೆಸರಿನ ಚೀಟಿ ಅವತ್ತ ಮುಂಜಾನೆ ನನ್ನ ಕಿಸೇದಾಗ ಇತ್ತು. ಸಾಹೇಬ್ರು ಅದನ್ನ ಇಸ್ಕೊಂಡು ಬ್ಯಾರೇ ಚೀಟಿ ಕೊಟ್ರು. ಮದುವಿ ಅವರ ತಂಗಿ ಮನೀದು."

ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಳಗೆ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿ ತಿಂಗಳವಾರು ಕಟ್ಟಿಟ್ಟಿದ್ದ. ಇಂಥ ದಿನ ಇಂಥ ಕಡೆ ಗಾಡಿ ಕಳಿಸುವುದು ಎಂದು ಸಾಹೇಬನ ಕೈಬರಹ, ಸಣ್ಣ ಸಹಿ. ಮದುವೆ, ಕೂಸಿಗೆ ಹೆಸರಿಡುವ ಬಾರಸೆ, ಶಿರಡಿ ಯಾತ್ರೆ, ಯಾರದೋ ಮನೆಯ ಸೋಫಾ ಸಾಗಿಸಿದ್ದು. ಹಿಂದೆ ಒಂದು ಕಂಪನಿಯಲ್ಲಿ ಇನ್ನೊಬ್ಬರ ತಪ್ಪಿಗೆ ಕೆಲಸ ಕಳೆದುಕೊಂಡಿದ್ದನಂತೆ, ಅಂದಿನಿಂದ ಚೀಟಿ ಹರಿಯುವುದಿಲ್ಲವಂತೆ.

"ಇದನ್ನ ನನಗ ಕೊಟ್ರ ನಿಮ್ಮ ಮ್ಯಾಲೆ ಬರತೈತಿ," ಅಂದೆ.

"ಇನ್ನೇನ ಬರೂದೈತ್ರಿ ಅಕ್ಕಾರ?"

ಮೇಘನಾ ಅವನಿಗೆ ಚಹಾ ತಂದಿಟ್ಟಳು. ನಾನು ಚೀಟಿಗಳನ್ನು ಒಂದೊಂದಾಗಿ ಮಡಿಲಲ್ಲಿ ಹರಡಿದೆ. ಆ ಶುಕ್ರವಾರದ್ದು ಸಿಕ್ಕಿತು. ಸತ್ಯವಾಗಿ ಹೇಳುತ್ತೇನೆ, ಕಾಯಿಲೆ ಬಂದ ಮೇಲೆ ನನಗೆ ಅಷ್ಟು ಸಂತೋಷ ಬೇರೆ ಯಾವ ದಿನವೂ ಆಗಿರಲಿಲ್ಲ. ಬಲಗಾಲಿನ ಹೆಬ್ಬೆರಳು ಮೊದಲ ಸಲ ಅಲುಗಿದ ದಿನವೂ.

ಕೊನೆಯ ವಿಚಾರಣೆಗೆ ಹೋದಾಗ ನಾಲ್ವರು ಪ್ಯೂನ್‌ಗಳು ರೂಢಿಯಂತೆ ಬಂದು ಕುರ್ಚಿ ಹಿಡಿದರು. ಶಿಂದೆ ಮಾಮಾ ಕೂಡ. ನಾನು ಅವರ ಕೈ ಹಿಡಿದು ಸರಿಸಿದೆ.

"ಇವತ್ತು ಯಾರೂ ಎತ್ತುವುದು ಬೇಡ. ನಾನು ಇಲ್ಲೇ ಇರುತ್ತೇನೆ. ಅವರು ಕೆಳಗೆ ಬರಲಿ."

ಸುದ್ದಿ ಮೇಲೆ ಹೋಯಿತು. ಸಾಧ್ಯವಿಲ್ಲ ಎಂದು ಉತ್ತರ ಬಂತು. ನಾನು ಅಂಗಳದಲ್ಲಿ ಕೂತೆ. ಅದು ಪಿಂಚಣಿಯ ಅರ್ಜಿ ತೆಗೆದುಕೊಳ್ಳುವ ದಿನ. ಮುದುಕರು, ಮುದುಕಿಯರು, ಊರುಗೋಲಿನವರು, ಮೆಟ್ಟಿಲ ಬುಡದಲ್ಲಿ ಸಾಲಾಗಿ ಕಾಯುತ್ತಿದ್ದರು. ವ್ಯಾನು ಅಲ್ಲೇ ಗೋಡೆಯ ಪಕ್ಕ ನಿಂತಿತ್ತು, ಗಾಜಿನ ಮೇಲೆ ಧೂಳು. ನಾನು ಬಂದ ಕಾರಣವನ್ನು ಪಕ್ಕದ ಅಜ್ಜಿಗೆ ಹೇಳಿದೆ. ಅವಳು ತನ್ನ ಪಕ್ಕದವಳಿಗೆ ಹೇಳಿದಳು. ಒಂದು ಗಂಟೆಯಲ್ಲಿ ಆ ಅಂಗಳದಲ್ಲಿ ಅದೊಂದೇ ಮಾತು. ಒಬ್ಬ ಕುರುಡ ಅಜ್ಜ ವ್ಯಾನನ್ನು ಕೈಯಿಂದ ಮುಟ್ಟಿ ಮುಟ್ಟಿ ಸುತ್ತು ಬಂದ. "ಇದು ನಮ್ಮದೇ?" ಎಂದು ಕೇಳಿದ.

ಎರಡು ಗಂಟೆಗೆ ಹಿರಿಯ ಅಧಿಕಾರಿ ಇಳಿದು ಬಂದರು. ಹಿಂದೆ ಸಾಹೇಬ. ಪ್ಯೂನ್‌ಗಳು ಒಂದು ಮೇಜು, ಎರಡು ಕುರ್ಚಿ ಹೊತ್ತು ತಂದರು. ಮೇಜು ಹೊತ್ತಾಗ ಶಿಂದೆ ಮಾಮಾ ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಂತೆ ಕಂಡಿತು. ಖಾತ್ರಿಯಿಲ್ಲ.

ಚೀಟಿಗಳನ್ನು ನಾನು ಗಟ್ಟಿಯಾಗಿ ಓದಿದೆ. ಬರಿಯ ದಿನ, ಜಾಗ, ಸಹಿ. ನಡುವೆ ಮಾತು ಸೇರಿಸಲಿಲ್ಲ. ಸೋಫಾದ ಚೀಟಿಗೆ ಯಾರೋ ನಕ್ಕರು. ಶಿರಡಿಯದಕ್ಕೆ ಯಾರೂ ನಗಲಿಲ್ಲ. ಪ್ರತಿ ಚೀಟಿಯ ಎದುರಿಗೆ ಆ ದಿನ ಗಾಡಿ ಬಂದ್ ಎಂದು ಹೇಳಿ ಯಾರ್ಯಾರನ್ನು ವಾಪಸು ಕಳಿಸಿದ್ದರೆಂದು ಲಾಗ್‌ಬುಕ್ಕಿನಿಂದಲೇ ತೋರಿಸಿದೆ. ನನ್ನ ಹೆಸರು ಹಲವು ಕಡೆ ಇತ್ತು. ನಮ್ಮ ಜೊತೆ ಬಂದಿದ್ದ ಮಲ್ಲಪ್ಪ ಮುಂದಕ್ಕೆ ಸರಿದು, "ಸಹಿ ಸಾಹೇಬರದೇ," ಎಂದ.

ಸಾಹೇಬ ಬೆವರುತ್ತಿದ್ದ. ಹಣೆಯಿಂದ ಶುರುವಾಗಿ ಸಫಾರಿಯ ಕಂಕುಳವರೆಗೆ. ನಾನು ಕಣ್ಣು ಕೀಳದೆ ನೋಡಿದೆ. ಅದಕ್ಕಾಗಿ ಒಂದು ವರ್ಷ ಕಾದಿದ್ದೆ.

ಅವನು ನನ್ನ ಕುರ್ಚಿಯ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದ, "ಮೇಡಂ, ನಿಮಗೂ ನೌಕರಿ ಗೊತ್ತು. ಮೇಲಿನಿಂದ ಫೋನ್ ಬರುತ್ತಿತ್ತು. ನಾನೇನು ಮಾಡಲಿ?"

"ನನ್ನ ಫೋನೂ ಬರುತ್ತಿತ್ತಲ್ಲ?" ಅಂದೆ.

ಅವನು ನೆಟ್ಟಗೆ ನಿಂತ.

ಫಲ ನಾನು ಬಯಸಿದಷ್ಟು ಬರಲಿಲ್ಲ. ಮುಂದಿನ ಮೇಲ್ಮನವಿಯಲ್ಲಿ ಅವನ ಸಂಬಳದಿಂದ ದಂಡ ಕತ್ತರಿಸಿದರು. ಬೇರೆ ವಿಭಾಗಕ್ಕೆ ವರ್ಗ ಮಾಡಿದರು, ಒಂದು ಬಡ್ತಿ ತಪ್ಪಿತು ಎಂದು ಕೇಳಿದೆ. ಫೋನ್ ಮಾಡುತ್ತಿದ್ದ ಮೇಲಿನವರು ಮೇಲೆಯೇ ಉಳಿದರು. ಮಲ್ಲಪ್ಪನನ್ನು ವಾಪಸು ತೆಗೆದುಕೊಂಡರು. ಅರ್ಜಿ ತೆಗೆದುಕೊಳ್ಳುವ ಮೇಜು ನೆಲಮಹಡಿಗೆ ಬಂತು. ವ್ಯಾನು ವಾರಕ್ಕೆ ಮೂರು ದಿನ ಓಡತೊಡಗಿತು.

ಕ್ಷಮಿಸಿದೆಯಾ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಅವನ ಬಡ್ತಿ ತಪ್ಪಿದ ಸುದ್ದಿ ಕೇಳಿದ ದಿನ ನಾನು ಸಿಹಿ ಸಜ್ಜಕ ಮಾಡಿಸಿಕೊಂಡು ತಿಂದೆ. ಶಿಂದೆ ಮಾಮಾ ನಿವೃತ್ತರಾದಾಗ ಅವರ ಮನೆಗೆ ಹೋಗಿ ಕ್ಷಮೆ ಕೇಳಿಕೊಂಡೆ. ಎರಡನ್ನೂ ಮಾಡಿದವಳು ನಾನೇ. ಬಸವರಾಜನಿಗೆ ಅಂದ ಮಾತನ್ನು ವಾಪಸು ತೆಗೆದುಕೊಳ್ಳಲು ಇನ್ನೂ ಹೆಚ್ಚು ದಿನ ಬೇಕಾಯಿತು. ಆ ವಿಚಾರಣೆಗಳ ಹಿಂದೆ ಓಡಾಡಿದ ತಿಂಗಳುಗಳಲ್ಲಿ ತಪ್ಪಿದ ಫಿಸಿಯೋ ಯಾರ ಲೆಕ್ಕಕ್ಕೆ ಎಂದು ಅವನು ಮತ್ತೆಂದೂ ಕೇಳಲಿಲ್ಲ. ನಾನು ಕೇಳಿಕೊಳ್ಳುತ್ತೇನೆ.

ಎಡಗಾಲು ಬರಲಿಲ್ಲ. ಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿ, ಕೈಯಲ್ಲಿ ಕೋಲು ಹಿಡಿದು ಮನೆಯೊಳಗೆ ನಡೆಯುತ್ತೇನೆ. ಹೊರಗೆ ಗಾಲಿಕುರ್ಚಿ. ನೌಕರಿಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಫಿಸಿಯೋ ಈಗಲೂ ಇದೆ, ಇರುವುದನ್ನು ಉಳಿಸಿಕೊಳ್ಳಲು.

ವ್ಯಾನಿನ ಒಂದು ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಅಂದು ನನ್ನ ಜೊತೆ ಹೊಸಬಳೊಬ್ಬಳಿದ್ದಳು, ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡ ಆಜಿ, ಕಣ್ಣಿನ ಡಾಕ್ಟರ ಹತ್ತಿರ ಹೊರಟವಳು. ಮೂರು ವರ್ಷದಿಂದ ಮನೆ ಬಿಟ್ಟು ಇಳಿದಿರಲಿಲ್ಲ. ಲಿಫ್ಟ್ ಅವಳನ್ನು ಎತ್ತುವಾಗ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದಳು. ಕಲ್ಯಾಣ ಬಂದ ಮೇಲೆ ಮಲ್ಲಪ್ಪನನ್ನು ಕೇಳಿದಳು, "ಬಾಳಾ, ಖಾಡಿ ದಾಖವತೋಸ್ ಕಾ?" ಸಮುದ್ರದ ನೀರು ಒಳಬರುವ ಆ ಖಾಡಿಯನ್ನು ತೋರಿಸ್ತೀಯಾ ಎಂದು. ತನ್ನ ಗಂಡ ಅಲ್ಲಿ ಮರಳಿನ ದೋಣಿ ನಡೆಸುತ್ತಿದ್ದ, ಒಮ್ಮೆ ಆ ನೀರು ನೋಡಬೇಕು ಅಂದಳು.

ಮಲ್ಲಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಖಾಡಿ ನಮ್ಮ ರೂಟ್‌ನ್ಯಾಗ ಇಲ್ರಿ ಅಕ್ಕಾರ. ನಿಮಗ ತಡಾ ಆಗತೈತಿ."

"ಹತ್ತ ಮಿನಿಟಿನ್ಯಾಗ ನನ್ನ ಕಾಲೇನ ಓಡಿ ಹೋಗೂದಿಲ್ಲ," ಅಂದೆ. "ನಡ್ರಿ."

ದುರ್ಗಾಡಿ ಕೋಟೆಯ ಕೆಳಗೆ ನೀರಿನ ಅಂಚಿಗೆ ಗಾಡಿ ನಿಲ್ಲಿಸಿ ಬಾಗಿಲು ತೆರೆದ. ಭರತದ ಹೊತ್ತು. ಖಾಡಿ ತುಂಬಿ ಬಂದಿತ್ತು. ಆಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ನಾನೂ ನೋಡಿದೆ. ತಂಪು ಗಾಳಿ ಬರುತ್ತಿತ್ತು. ಬಲಪಾದಕ್ಕೆ ಅದು ಗೊತ್ತಾಗುತ್ತಿತ್ತು.

ಆ ಹತ್ತು ನಿಮಿಷ ನನಗೆ ಸಾಹೇಬನ ಮುಖ ನೆನಪಾಗಲಿಲ್ಲ. ಫಿಸಿಯೋ ಸೆಂಟರಿನ ಗೇಟಿನಲ್ಲಿ ಮತ್ತೆ ನೆನಪಾಯಿತು.